ಹಳೆಯ ಕೆರೆ ಏರಿ: ನೋಟ, ನಿಗಾ, ದುರಸ್ತಿ

ಕೆರೆ ಏರಿ ಮಣ್ಣಿನ ಅಣೆಕಟ್ಟೇ. ಎತ್ತರ ನಾಲ್ಕು ಮೀಟರ್ ಇರಲಿ, ಹನ್ನೆರಡು ಮೀಟರ್ ಇರಲಿ, ನೀರು ಅದನ್ನು ಒತ್ತುವ ಬಗೆ, ಮಣ್ಣಿನೊಳಗೆ ದಾರಿ ಹುಡುಕುವ ಬಗೆ, ಕೊನೆಗೆ ಏರಿ ಒಡೆಯುವ ಬಗೆ ದೊಡ್ಡ ಜಲಾಶಯದ ಮಣ್ಣಿನ ಕಟ್ಟೆಗಿಂತ ಬೇರೆಯಲ್ಲ. ಬೇರೆಯಾಗಿರುವುದು ಕಾವಲು. ದೊಡ್ಡ ಅಣೆಕಟ್ಟಿಗೆ ಎಂಜಿನಿಯರುಗಳಿರುತ್ತಾರೆ, ಅಳತೆಯ ಉಪಕರಣಗಳಿರುತ್ತವೆ, ದಾಖಲೆ ಪುಸ್ತಕಗಳಿರುತ್ತವೆ. ಕರ್ನಾಟಕದ ಸುಮಾರು 36 ಸಾವಿರ ಕೆರೆಗಳಲ್ಲಿ ಬಹುಪಾಲಿನವಕ್ಕೆ ಇವು ಯಾವುವೂ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯವಾಗುವುದು 15 ಮೀಟರ್ ಮೀರಿದ ಕಟ್ಟೆಗಳಿಗೆ. 10ರಿಂದ 15 ಮೀಟರ್ ಎತ್ತರದವಾದರೆ ಉದ್ದ, ಸಂಗ್ರಹ ಮುಂತಾದ ಷರತ್ತುಗಳಿಗೆ ಒಳಪಟ್ಟವಕ್ಕೆ ಮಾತ್ರ. ಸಾಮಾನ್ಯ ಊರಕೆರೆ ಆ ಲೆಕ್ಕದ ಹೊರಗೇ ಉಳಿಯುತ್ತದೆ. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ, 2,000 ಹೆಕ್ಟೇರಿನ ಒಳಗಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದರೆ, ಅದಕ್ಕಿಂತ ಚಿಕ್ಕವು ಪಂಚಾಯತಿಗಳ ಸುಪರ್ದಿಗೆ ಬರುತ್ತವೆ. ಕಾಗದದಲ್ಲಿ ಒಡೆತನ ಯಾರದೇ ಆಗಿರಲಿ, ಏರಿಯ ಮೇಲೆ ದಿನವೂ ಓಡಾಡುವವರು ಊರಿನವರು. ಹಳೆಯ ಏರಿಯನ್ನು ಉಳಿಸುವ ಕೆಲಸದ ಮುಕ್ಕಾಲು ಪಾಲು ಅವರ ಕಣ್ಣಿನದು.

ಆ ಕಣ್ಣು ಸಾಮಾನ್ಯವಾಗಿ ನೀರಿನ ಕಡೆಗಿರುತ್ತದೆ. ಕೆರೆ ಎಷ್ಟು ತುಂಬಿತು, ಹೂಳು ಎಷ್ಟು ಕೂತಿದೆ, ಅಂಗಳ ಯಾರ ಪಾಲಾಯಿತು ಎಂಬ ಮಾತು ಎಲ್ಲೆಡೆ ನಡೆಯುತ್ತದೆ. ಹೂಳೆತ್ತಲು ಹಣವೂ ಬರುತ್ತದೆ. ಆದರೆ ಏರಿ ತನ್ನ ಕಾಯಿಲೆಯನ್ನು ಮೊದಲು ತೋರಿಸುವುದು ಹಿಂಬದಿಯಲ್ಲಿ, ಗದ್ದೆ ತೋಟಗಳ ಕಡೆಗಿರುವ ಇಳಿಜಾರಿನಲ್ಲಿ ಮತ್ತು ಬುಡದಲ್ಲಿ. ಜಾಲಿ, ಲಂಟಾನ ಹಬ್ಬಿ ಕಾಲಿಡಲಾಗದಂತಾಗಿರುವ ಆ ಹಿಂಬದಿಯನ್ನು ಸವರಿ, ಬುಡದುದ್ದಕ್ಕೂ ಒಬ್ಬರು ನಡೆದುಹೋಗುವಷ್ಟು ಕಾಲುದಾರಿ ಮಾಡಿಕೊಳ್ಳುವುದೇ ಸುರಕ್ಷತೆಯ ಮೊದಲ ಕಾಮಗಾರಿ. ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ವಯಸ್ಸೇ ಏರಿಗೆ ಶತ್ರುವಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿ ಎರಡು ಗುಡ್ಡಗಳ ನಡುವೆ ಶತಮಾನಗಳಿಂದ ನಿಂತಿದೆ. ಮೈಸೂರು ಸಂಸ್ಥಾನದಲ್ಲಿ ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎಂದು 1860ರ ದಶಕದಲ್ಲಿ ಮುಖ್ಯ ಎಂಜಿನಿಯರ್ ಸ್ಯಾಂಕಿ ಬರೆದಿದ್ದರು. ಅಷ್ಟು ಒತ್ತಾಗಿ ಕೆರೆಗಳು ಆಗಲೇ ಇದ್ದವು. ಅವು ಉಳಿದು ಬಂದದ್ದಕ್ಕೆ ಕಟ್ಟಿದವರ ಜಾಣ್ಮೆ ಎಷ್ಟು ಕಾರಣವೋ, ದುರಸ್ತಿಗೆಂದು ಬಿಟ್ಟುವಟ್ಟ, ಕಟ್ಟುಕೊಡಗೆಗಳ ಹೆಸರಿನಲ್ಲಿ ಮೀಸಲಿಟ್ಟ ಭೂಮಿಯೂ ವರ್ಷವರ್ಷವೂ ಏರಿಗೆ ಬಿದ್ದ ಮಣ್ಣೂ ಅಷ್ಟೇ ಕಾರಣ. ಆ ವ್ಯವಸ್ಥೆ ಹೋಗಿದೆ, ಏರಿ ಉಳಿದಿದೆ.

ಏರಿಯ ಒಳಗಿನ ನೀರು

ಏರಿಗೆ ನೀರಿನ ಕಡೆಯದು ಒಳಮೈ, ಹೊಲದ ಕಡೆಯದು ಹೊರಮೈ, ಮೇಲಿನದು ನೆತ್ತಿ. ಒಳಮೈಗೆ ಅಲೆಯ ಹೊಡೆತ ತಡೆಯುವ ಕಲ್ಲುಕಟ್ಟಣೆ ಇರುತ್ತದೆ. ಹೆಚ್ಚುವರಿ ನೀರು ಹರಿದುಹೋಗಲು ಒಂದು ಪಕ್ಕದ ಗಟ್ಟಿ ನೆಲದಲ್ಲಿ ಕೋಡಿ, ಗದ್ದೆಗೆ ನೀರು ಬಿಡಲು ಏರಿಯ ಅಡಿಯಲ್ಲಿ ತೂಬು. ಈಗ ಕಟ್ಟುವ ಸಣ್ಣ ಏರಿಗಳ ಹೊರಮೈಗೆ ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಡ್ಡಗಲದಂತೆ ಇಳಿಜಾರು ಕೊಡುವುದು ವಾಡಿಕೆ. ಹಳೆಯ ಏರಿಗಳು ಎಷ್ಟೋ ಕಡೆ ಇದಕ್ಕಿಂತ ಕಡಿದಾಗಿವೆ. ಮೊದಲಿನಿಂದ ಹಾಗಿದ್ದವು ಕೆಲವಾದರೆ, ಗದ್ದೆ ಅಗಲಿಸಲು ಬುಡ ಕೊರೆದದ್ದರಿಂದ ಹಾಗಾದವು ಹಲವು.

ಬುಡ ಕೊರೆಯುವುದು ಯಾಕೆ ಅಪಾಯ ಎಂಬುದಕ್ಕೆ ಏರಿಯ ಒಳಗೆ ನೋಡಬೇಕು. ಕೆರೆಯಲ್ಲಿ ನೀರು ನಿಂತರೆ ಏರಿಯ ಮಣ್ಣಿನೊಳಗೂ ನೀರು ನಿಲ್ಲುತ್ತದೆ. ಒಳಮೈಯಲ್ಲಿ ಕೆರೆಯ ಮಟ್ಟಕ್ಕೇ ಶುರುವಾಗುವ ಈ ತೇವದ ಗೆರೆ ಹೊರಮೈಯತ್ತ ಬಂದಂತೆ ಇಳಿಯುತ್ತದೆ. ಜೇಡಿ ಬೆರೆತ ಒಳ್ಳೆಯ ಮಣ್ಣಿನಲ್ಲಿ ಅದು ನಾಲ್ಕು ಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತದೆ ಎಂದು ಲೆಕ್ಕ ಹಿಡಿದು, ಗೆರೆಯ ಮೇಲೆ ಇನ್ನೂ ಒಂದು ಮೀಟರಿನಷ್ಟು ಮಣ್ಣಿನ ಹೊದಿಕೆ ಉಳಿಯುವಂತೆ ಏರಿಯ ಅಗಲ ನಿಗದಿ ಮಾಡುವ ಕ್ರಮವಿದೆ. ಮರಳು ಹೆಚ್ಚಿರುವ ಮಣ್ಣಿನಲ್ಲಿ ಗೆರೆ ಇನ್ನೂ ನಿಧಾನವಾಗಿ ಇಳಿಯುವುದರಿಂದ ಏರಿ ಇನ್ನೂ ಅಗಲ ಬೇಕು. ಬುಡದಲ್ಲಿ ಒಂದು ಸಾಲು ಮಣ್ಣು ತೆಗೆದರೆ ಆ ಹೊದಿಕೆ ಹೋಗುತ್ತದೆ. ಒಳಗೆ ಅಡಗಿದ್ದ ಗೆರೆ ಹೊರಮೈಗೆ ಬಂದು ಬಾಯಿ ಬಿಡುತ್ತದೆ. ಅಲ್ಲಿಂದ ಒಸರುವ ನೀರು ಮಣ್ಣನ್ನು ಮೆತ್ತಗಾಗಿಸಿ, ಇಳಿಜಾರು ಕುಸಿಯುವಂತೆ ಮಾಡುತ್ತದೆ.

ಜಿನುಗು: ತಿಳಿಯೋ, ಕೆಂಪೋ

ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ತಗಲುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಸೋರುವುದು ಆ ಆರರಲ್ಲಿ ಒಂದು. ಜಗತ್ತಿನ ದೊಡ್ಡ ಮಣ್ಣಿನ ಅಣೆಕಟ್ಟುಗಳು ಒಡೆದ ಕಾರಣಗಳನ್ನು ನಮ್ಮ ಕಾಲದ ತಜ್ಞರು ವಿಂಗಡಿಸಿದಾಗಲೂ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳು ನೀರು ನೆತ್ತಿಯ ಮೇಲೆ ಹರಿದದ್ದರಿಂದ, ಉಳಿದವುಗಳಲ್ಲಿ ಬಹುಪಾಲು ಒಳಗಿನ ಸೋರಿಕೆ ಮಣ್ಣನ್ನು ಕೊರೆದದ್ದರಿಂದ ಆದವು ಎಂದು ಕಂಡಿದೆ.

ಹಾಗೆಂದು ಎಲ್ಲ ಜಿನುಗೂ ಕೆಟ್ಟದ್ದಲ್ಲ. ಮಣ್ಣಿನ ಏರಿ ಎಂದಮೇಲೆ ಒಂದಿಷ್ಟು ಊಟೆ ನೀರು ಇದ್ದೇ ಇರುತ್ತದೆ. ಬುಡದಲ್ಲಿ ತಿಳಿಯಾಗಿ, ಕೆರೆ ತುಂಬಿದಾಗ ತುಸು ಹೆಚ್ಚಾಗಿ, ಇಳಿದಾಗ ಕಡಿಮೆಯಾಗಿ, ವರ್ಷದಿಂದ ವರ್ಷಕ್ಕೆ ಅದೇ ಜಾಗದಲ್ಲಿ ಅಷ್ಟೇ ಹರಿಯುತ್ತಿದ್ದರೆ ಏರಿ ಆರೋಗ್ಯವಾಗಿದೆ ಎಂದೇ ತಿಳಿಯಬಹುದು. ಭಯಪಡಬೇಕಾದದ್ದು ಬಣ್ಣ ಬಂದ ನೀರಿಗೆ. ಕೆಂಪಾಗಿ, ಬೂದುಬಣ್ಣವಾಗಿ, ಮರಳಿನ ಕಣ ಹೊತ್ತು ಬರುವ ನೀರು ಏರಿಯ ಒಳಗಿನ ಮಣ್ಣನ್ನೇ ಹೊರಗೆ ತರುತ್ತಿದೆ ಎಂದರ್ಥ. ಈ ಕೊರೆತ ಹೊರಬಾಯಿಯಲ್ಲಿ ಶುರುವಾಗಿ ಹಿಂದುಹಿಂದಕ್ಕೆ, ಕೆರೆಯತ್ತ ಸುರಂಗ ತೋಡುತ್ತಾ ಹೋಗುತ್ತದೆ. ಸುರಂಗ ನೀರಿಗೆ ಮುಟ್ಟಿದ ಮೇಲೆ ಏರಿ ಒಡೆಯಲು ಗಂಟೆಗಳು ಸಾಕು.

ಪರೀಕ್ಷೆ ಸರಳವಾದದ್ದು. ಬಿಳಿ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಬಾಟಲಿಯಲ್ಲಿ ಜಿನುಗು ನೀರನ್ನು ಹಿಡಿದು, ಅಲುಗಾಡಿಸದೆ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ತಳದಲ್ಲಿ ಕೂತ ಮಣ್ಣಿನ ಪದರ ಕಾಣುತ್ತದೆ. ತಳ ಸ್ವಚ್ಛವಾಗಿದ್ದರೆ ಚಿಂತೆಯಿಲ್ಲ. ತೆಳ್ಳನೆಯ ಪದರವಾದರೂ ಇದ್ದರೆ ಆ ಜಾಗವನ್ನು ದಿನವೂ ನೋಡಬೇಕು, ಇಲಾಖೆಗೆ ಬರಹದಲ್ಲಿ ತಿಳಿಸಬೇಕು. ಬಾಟಲಿಯ ಮೇಲೆ ತಾರೀಖು ಬರೆದು ಸಾಲಾಗಿ ಇಟ್ಟರೆ ಎಂಜಿನಿಯರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪ್ರಮಾಣವನ್ನೂ ಅಳೆಯಬಹುದು. ಜಿನುಗನ್ನೆಲ್ಲ ಒಂದು ಸಣ್ಣ ಕಾಲುವೆಗೆ ಕೂಡಿಸಿ, ಕೊನೆಯಲ್ಲಿ ಒಂದು ಪೈಪ್ ತುಂಡು ಇಟ್ಟು, ಹತ್ತು ಲೀಟರ್ ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ಎಂದು ಮೊಬೈಲಿನಲ್ಲಿ ನೋಡಿದರೆ ಆಯಿತು. ಹರಿವು ಹೆಚ್ಚಿದ್ದರೆ ತಗಡಿನಲ್ಲಿ 90 ಡಿಗ್ರಿ ಕೋನದ ತ್ರಿಕೋನ ಕಚ್ಚು ಕತ್ತರಿಸಿ ಕಾಲುವೆಗೆ ಅಡ್ಡ ನಿಲ್ಲಿಸುತ್ತಾರೆ. ಕಚ್ಚಿನ ತುದಿಯಿಂದ ನೀರಿನ ಎತ್ತರ 5 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 10 ಸೆಂಟಿಮೀಟರ್ ಆದರೆ ಸುಮಾರು 4.4 ಲೀಟರ್. ಎತ್ತರ ಇಮ್ಮಡಿಯಾದರೆ ಹರಿವು ಐದು ಪಟ್ಟು ಮೀರುತ್ತದೆ ಎಂಬುದನ್ನು ನೆನಪಿಡಬೇಕು. ಅಳತೆಯ ಜೊತೆಗೆ ಅಂದಿನ ಕೆರೆಯ ಮಟ್ಟವನ್ನೂ ಬರೆಯದಿದ್ದರೆ ಅಂಕಿಗೆ ಬೆಲೆಯಿಲ್ಲ. ಕೆರೆ ಇದ್ದಷ್ಟೇ ಇದ್ದು ಜಿನುಗು ಮಾತ್ರ ಏರಿದರೆ ಅದು ಎಚ್ಚರಿಕೆ. ವರ್ಷಗಳಿಂದ ಹರಿಯುತ್ತಿದ್ದ ಒರತೆ ಕೆರೆ ತುಂಬಿರುವಾಗಲೇ ಥಟ್ಟನೆ ನಿಂತರೂ ಎಚ್ಚರಿಕೆಯೇ; ನೀರು ಬೇರೆ ದಾರಿ ಹಿಡಿದಿರಬಹುದು.

ಏಪ್ರಿಲ್ ಬಿಸಿಲಿನಲ್ಲಿ ಹೊರಮೈಯ ಒಂದು ತುಂಡು ಮಾತ್ರ ಹಸಿರಾಗಿರುವುದು, ಜೊಂಡು ಬೆಳೆದಿರುವುದು, ಬುಡದ ಗದ್ದೆಯಲ್ಲಿ ಮರಳು ಕುದಿಯುವಂತೆ ಮೇಲೇಳುತ್ತಾ ಸುತ್ತ ಉಂಗುರದಂತೆ ಕೂರುವುದು, ಇವೆಲ್ಲ ಅದೇ ಕಾಯಿಲೆಯ ಗುರುತುಗಳು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಭಾರಿ ಮಳೆಯಲ್ಲಿ ಒಡೆದು ಇಪ್ಪತ್ತರಷ್ಟು ಜನ ಸತ್ತರು. ಅದನ್ನು ಕಟ್ಟಿ ಎರಡು ದಶಕವೂ ತುಂಬಿರಲಿಲ್ಲ. ಸೋರಿಕೆಯ ಬಗ್ಗೆ ಕೆಳಗಿನವರು ಮೊದಲೇ ದೂರು ಕೊಟ್ಟಿದ್ದರು. ಕಂಡವರು ಇದ್ದೂ ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ನೋಟದಿಂದ ಪ್ರಯೋಜನವಿಲ್ಲ. ಹಾಗಾಗಿ ದೂರು ಬಾಯಿಮಾತಿನಲ್ಲಿ ನಿಲ್ಲಬಾರದು. ಗ್ರಾಮಸಭೆಯ ನಡಾವಳಿಯಲ್ಲಿ ಸೇರಬೇಕು, ಫೋಟೋ ಸಹಿತ ತಾಲ್ಲೂಕಿಗೆ ಹೋಗಬೇಕು, ಸ್ವೀಕೃತಿ ಪಡೆಯಬೇಕು.

ಕೋಡಿಯ ಲೆಕ್ಕ

ಮಣ್ಣಿನ ಏರಿ ತನ್ನ ನೆತ್ತಿಯ ಮೇಲೆ ನೀರು ಹರಿಯುವುದನ್ನು ತಾಳದು. ಅದನ್ನು ತಪ್ಪಿಸಲು ಇರುವುದು ಕೋಡಿ ಒಂದೇ. ಒಂದು ಚದರ ಕಿಲೋಮೀಟರ್ ಜಲಾನಯನದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಕೋಟಿ ಲೀಟರ್ ನೀರು. ಅದರ ಅರ್ಧ ಮೂರು ಗಂಟೆಯಲ್ಲಿ ಕೆರೆಗೆ ಹರಿದುಬಂದರೂ ಸೆಕೆಂಡಿಗೆ ನಾಲ್ಕೂವರೆ ಸಾವಿರ ಲೀಟರಿಗೂ ಹೆಚ್ಚು. ತುಂಬಿದ ಕೆರೆಗೆ ಇಷ್ಟು ಬಂದರೆ ಬಹುಮಟ್ಟಿಗೆ ಅಷ್ಟೇ ಹೊರಹೋಗಬೇಕು.

ಹತ್ತು ಮೀಟರ್ ಉದ್ದದ ಕೋಡಿಯ ಮೇಲೆ ಒಂದು ಮೀಟರ್ ಆಳದಲ್ಲಿ ನೀರು ಹರಿದರೆ ಸೆಕೆಂಡಿಗೆ ಸುಮಾರು 17 ಸಾವಿರ ಲೀಟರ್ ಹೊರಹೋಗುತ್ತದೆ. ಆಳ ಅರ್ಧ ಮೀಟರಿಗೆ ಇಳಿದರೆ ಹರಿವು ಅರ್ಧವಾಗುವುದಿಲ್ಲ, ಸುಮಾರು 6 ಸಾವಿರ ಲೀಟರಿಗೆ, ಅಂದರೆ ಮೂರರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಹೆಚ್ಚು ನೀರು ಹಿಡಿಯುವ ಆಸೆಯಿಂದ ಕೋಡಿಯ ಮೇಲೆ ಮರಳು ಚೀಲ ಪೇರಿಸುವ, ಸಿಮೆಂಟಿನ ಸಣ್ಣ ಗೋಡೆ ಏರಿಸುವ ಪರಿಪಾಠ ಎಷ್ಟು ಕೆಟ್ಟದ್ದು ಎಂಬುದು ಇಲ್ಲಿ ತಿಳಿಯುತ್ತದೆ. ನೆತ್ತಿ ಕೋಡಿಗಿಂತ ಒಂದೂವರೆ ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ಅರ್ಧ ಮೀಟರ್ ಚೀಲ ಪೇರಿಸಿದ ಕೋಡಿಯ ಮೇಲೆ ಒಂದು ಮೀಟರ್ ಪ್ರವಾಹ ಬಂದಾಗ ನೀರು ನೆತ್ತಿಗೆ ಸಮ. ಗಾಳಿಗೆ ಏಳುವ ಒಂದು ಅಲೆ ಸಾಕು.

ಮೀನು ಹರಾಜು ಹಿಡಿದವರು ಮರಿ ಹೊರಹೋಗದಂತೆ ಕೋಡಿಗೆ ಬಲೆ ಅಥವಾ ಜಾಲರಿ ಕಟ್ಟುವುದು ಎಲ್ಲೆಡೆ ಕಾಣುವ ಇನ್ನೊಂದು ಸಂಗತಿ. ಬೇಸಿಗೆಯಲ್ಲಿ ಅದು ನಿರುಪದ್ರವಿಯಂತೆ ಕಾಣುತ್ತದೆ. ಮೊದಲ ಪ್ರವಾಹದಲ್ಲೇ ಅಂತರಗಂಗೆ, ಜೊಂಡು, ಪ್ಲಾಸ್ಟಿಕ್ ಬಂದು ಅದಕ್ಕೆ ಅಂಟಿ ಬಲೆ ಗೋಡೆಯಾಗುತ್ತದೆ. ಹರಾಜಿನ ಕರಾರಿನಲ್ಲೇ ಮಳೆಗಾಲದಲ್ಲಿ ಕೋಡಿಗೆ ಬಲೆ ಕಟ್ಟಬಾರದು ಎಂಬ ಮಾತು ಇರುವುದು ಒಳ್ಳೆಯದು. ಕೋಡಿಯಿಂದ ಕೆಳಗಿನ ಹಳ್ಳವೂ ಅಷ್ಟೇ ಮುಖ್ಯ. ಅದನ್ನು ಒತ್ತಿ ಅಡಿಕೆ ಹಾಕಿದರೆ, ಅದರ ಮೇಲೆ ಕಿರಿದಾದ ಮೋರಿ ಕಟ್ಟಿದರೆ ನೀರು ಹಿಂದಕ್ಕೆ ತಳ್ಳಿ ಏರಿಯ ಬುಡವನ್ನೇ ಕೊಚ್ಚುತ್ತದೆ.

ನೆತ್ತಿಯಲ್ಲಿ ತಗ್ಗು ಎಲ್ಲಿದೆ ಎಂದು ತಿಳಿಯಲು ಸರ್ವೆ ಉಪಕರಣವೇ ಬೇಕೆಂದಿಲ್ಲ. ಗಾರೆಯವರ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಇಬ್ಬರು ಎರಡು ತುದಿ ಹಿಡಿದು ಹತ್ತು ಹತ್ತು ಮೀಟರಿಗೆ ಮಟ್ಟ ನೋಡುತ್ತಾ ಏರಿಯುದ್ದಕ್ಕೂ ಹೋದರೆ ಅರ್ಧ ದಿನದಲ್ಲಿ ಎಲ್ಲ ತಗ್ಗುಗಳೂ ಸಿಗುತ್ತವೆ. ದನ ಇಳಿಯುವ ದಾರಿ, ಟ್ರ್ಯಾಕ್ಟರ್ ಹತ್ತುವ ಜಾಗ, ತೂಬಿನ ಮೇಲ್ಭಾಗ ಇವೇ ಸಾಮಾನ್ಯವಾಗಿ ತಗ್ಗಾಗಿರುವವು. ನೀರು ಮೊದಲು ಏರುವುದೂ ಅಲ್ಲೇ. ಅಷ್ಟನ್ನು ತುಂಬಿ ಸಮ ಮಾಡಿದರೆ ಇಡೀ ಏರಿಯನ್ನು ಎತ್ತರಿಸಿದಷ್ಟೇ ಲಾಭ.

ಕೆರೆಗಳು ಸರಣಿಯಲ್ಲಿರುವ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಮೇಲಿನ ಕೆರೆ ಒಡೆದರೆ ಆ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಗೆ ನುಗ್ಗುತ್ತದೆ. ಯಾವ ಕೋಡಿಯನ್ನೂ ಅಂಥ ನೀರಿಗೆ ಕಟ್ಟಿರುವುದಿಲ್ಲ. ಮೇಲಿನ ಮತ್ತು ಕೆಳಗಿನ ಊರಿನ ನೀರುಗಂಟಿಗಳ (ತೂಬು, ಕಾಲುವೆ ನೋಡಿಕೊಳ್ಳುವವರ) ಫೋನ್ ನಂಬರು ಒಬ್ಬರದು ಇನ್ನೊಬ್ಬರ ಬಳಿ ಇರಲೇಬೇಕು.

ಬೇರು, ಬಿಲ, ಹುತ್ತ

ಏರಿಯ ಮೇಲೆ ಮರ ಇರಬೇಕೋ ಬೇಡವೋ ಎಂಬುದು ಹಳೆಯ ಜಗಳ. ಬೇರು ಮಣ್ಣನ್ನು ಹಿಡಿದಿಡುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹುಲ್ಲಿನ ಬೇರು ಹಿಡಿದಿಡುತ್ತದೆ. ಮರದ ಬೇರು ನೀರು ಹುಡುಕಿಕೊಂಡು ಏರಿಯ ಒಡಲಿಗೇ ಇಳಿಯುತ್ತದೆ. ಮರ ಸತ್ತಾಗ ಆ ಬೇರು ಕೊಳೆತು, ಅದರ ಜಾಗದಲ್ಲಿ ಕೊಳವೆ ಉಳಿಯುತ್ತದೆ. ಗಾಳಿಗೆ ದೊಡ್ಡ ಮರ ಬುಡಮೇಲಾದರೆ ಏರಿಯ ಒಂದು ತುಂಡೇ ಅದರೊಂದಿಗೆ ಹೋಗುತ್ತದೆ. ಬಳ್ಳಾರಿ ಜಾಲಿ, ಲಂಟಾನ, ಎಳೆಯ ಹೊಂಗೆ ಬೇವುಗಳನ್ನು ಪ್ರತಿ ವರ್ಷ ಬೇರು ಸಹಿತ ಕೀಳುವುದು ಸರಿ. ದಶಕಗಳ ಆಲ, ಅರಳಿಯ ಸಂಗತಿ ಬೇರೆ. ಅದನ್ನು ಥಟ್ಟನೆ ಕಡಿದರೆ ಕೊಳೆಯುವ ಬೇರಿನ ಅಪಾಯವನ್ನು ಕೈಯಾರೆ ತಂದುಕೊಂಡಂತೆ. ಕಡಿಯಲೇಬೇಕೆಂದರೆ ಕೆರೆ ಒಣಗಿರುವಾಗ ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ಅಗೆದು ತೆಗೆದು, ಗುಂಡಿಯನ್ನು ಪದರ ಪದರವಾಗಿ ಕುಟ್ಟಿ ತುಂಬಬೇಕು. ಎಂಜಿನಿಯರ್ ಜೊತೆಗಿಲ್ಲದೆ ಮಾಡುವ ಕೆಲಸವಲ್ಲ ಅದು. ಹೊರಮೈಗೆ ಒಪ್ಪುವುದು ಗರಿಕೆ. ಕೊರಕಲು ಬಿದ್ದ ಕಡೆ ಲಾವಂಚದ ಸಾಲು ನೆಟ್ಟರೆ ಮಣ್ಣು ನಿಲ್ಲುತ್ತದೆ.

ಹೆಗ್ಗಣ, ಮುಳ್ಳುಹಂದಿ, ಏಡಿಗಳ ಬಿಲ ಚಿಕ್ಕದಾಗಿ ಕಂಡರೂ ಒಳಗೆ ಮೀಟರುಗಟ್ಟಲೆ ಹೋಗಿರುತ್ತದೆ. ಅಂಥ ಬಿಲ ತೇವದ ಗೆರೆಗಿಂತ ಕೆಳಗಿದ್ದರೆ ಸೋರಿಕೆಗೆ ಸಿದ್ಧ ದಾರಿ. ಬಾಯಿಗೆ ಕಲ್ಲು ತುರುಕಿದರೆ ಉಪಯೋಗವಿಲ್ಲ. ಬಿಲವನ್ನು ಅದರ ಕೊನೆಯವರೆಗೆ ಅಗೆದು, ಒದ್ದೆ ಮಾಡಿದ ಜೇಡಿಮಣ್ಣನ್ನು ಕುಟ್ಟಿ ಕುಟ್ಟಿ ತುಂಬಬೇಕು. ಅಗೆಯಲಾಗದಷ್ಟು ಆಳವಿದ್ದರೆ ಗಂಜಿಯಂತೆ ಕದಡಿದ ಜೇಡಿಯನ್ನು ಸುರಿದು ಇಳಿಸಬೇಕು. ಗೆದ್ದಲಿನ ಹುತ್ತದ ಕೆಳಗೂ ಪೊಳ್ಳು ಇರುತ್ತದೆ. ಏರಿಯ ಮೇಲಿನ ಹುತ್ತಕ್ಕೆ ನಾಗರಪಂಚಮಿಯಲ್ಲಿ ಹಾಲೆರೆಯುವ ಊರುಗಳಿವೆ. ಅಲ್ಲಿ ಪೂಜೆಯ ಹುತ್ತವನ್ನು ಹಾಗೇ ಬಿಟ್ಟು, ಅದರ ನೇರಕ್ಕೆ ಹೊರಮೈಯಲ್ಲಿ ಹೆಚ್ಚುವರಿ ಮಣ್ಣು ಹಾಕಿ ಏರಿಯನ್ನು ದಪ್ಪ ಮಾಡುವುದು ಜಗಳವಿಲ್ಲದ ದಾರಿ.

ಪ್ರಾಣಿಗಳಿಗಿಂತ ಹೆಚ್ಚು ಹಾನಿ ಮಾಡುವುದು ಮನುಷ್ಯರು ಕೊರೆಯುವ ಅಡ್ಡ ಕಾಲುವೆ. ಪಂಪಿನ ಪೈಪು, ಕುಡಿಯುವ ನೀರಿನ ಕೊಳವೆ, ಕೇಬಲ್, ಇವಕ್ಕೆಂದು ಜೆಸಿಬಿಯಿಂದ ಏರಿಯನ್ನು ಅಡ್ಡ ಸೀಳಿ, ಸಡಿಲ ಮಣ್ಣನ್ನು ಮೇಲೆ ತಳ್ಳಿ ಹೋಗುತ್ತಾರೆ. ಮಣ್ಣು ಮುಚ್ಚಿದ ಮೇಲೆ ಗುರುತೂ ಉಳಿಯುವುದಿಲ್ಲ, ದುರ್ಬಲ ಸೀಳು ಮಾತ್ರ ಉಳಿಯುತ್ತದೆ. ಬೆಂಗಳೂರಿನ ಹುಳಿಮಾವು ಕೆರೆಯ ಏರಿ 2019ರ ನವೆಂಬರ್ 24ರಂದು ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯನ್ನು ಅಗೆದದ್ದೇ ಅದರ ಮೂಲ. ಪೈಪು ದಾಟಿಸಲೇಬೇಕಿದ್ದರೆ ನೆತ್ತಿಯ ಮೇಲೆ, ಗರಿಷ್ಠ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ದಾಟಿಸಬೇಕು.

ಏರಿಯೇ ರಸ್ತೆಯಾಗಿರುವ ಊರುಗಳಲ್ಲಿ ಟಿಪ್ಪರುಗಳ ಭಾರಕ್ಕೆ ನೆತ್ತಿ ಕುಸಿದು ಗಾಲಿಯ ಗುಂಡಿಗಳಾಗುತ್ತವೆ. ಅಲ್ಲಿ ನಿಂತ ಮಳೆನೀರು ಮೇಲಿನಿಂದ ಏರಿಯನ್ನು ನೆನೆಸುತ್ತದೆ. ರಸ್ತೆಯ ನೀರು ಹೊರಮೈಯಲ್ಲಿ ಕೊರಕಲು ಬೀಳಿಸದಂತೆ ನೆತ್ತಿಗೆ ಒಳಮೈಯ ಕಡೆಗೆ ಸ್ವಲ್ಪ ವಾಟ ಕೊಡುವುದು ಸರಿಯಾದ ಕ್ರಮ.

ತೂಬು

ಏರಿಯ ಅತ್ಯಂತ ಬಲಹೀನ ಜಾಗ ತೂಬು. ಕಲ್ಲು ಅಥವಾ ಇಟ್ಟಿಗೆಯ ಸುರಂಗವೂ ಮಣ್ಣೂ ಸೇರುವ ಸಂದಿನಲ್ಲಿ ಮಣ್ಣು ಎಂದೂ ಸರಿಯಾಗಿ ಕುಟ್ಟಿರುವುದಿಲ್ಲ. ಕಲ್ಲಿನ ಸಂದುಗಳ ಗಾರೆ ನೂರು ವರ್ಷದಲ್ಲಿ ಕರಗಿ, ಮಣ್ಣು ಹನಿಹನಿಯಾಗಿ ಸುರಂಗದೊಳಗೆ ಇಳಿಯುತ್ತದೆ. ತೂಬು ಮುಚ್ಚಿದ್ದರೂ ಹೊರಬಾಯಿಯಲ್ಲಿ ಕೆಂಪು ನೀರು ಬರುವುದು, ತೂಬಿನ ನೇರಕ್ಕೆ ನೆತ್ತಿಯ ಮೇಲೆ ಗುಳಿ ಬೀಳುವುದು ಇದರ ಲಕ್ಷಣ. ಆ ಗುಳಿಗೆ ಮಣ್ಣು ಸುರಿದು ಮುಚ್ಚುವುದು ಊರವರ ವಾಡಿಕೆ. ಒಳಗಿನ ಪೊಳ್ಳು ಹಾಗೇ ಬೆಳೆಯುತ್ತದೆ. ಕೆರೆ ಬತ್ತಿದಾಗ ತೂಬಿನ ಮೇಲಿನ ಏರಿಯನ್ನು ಬಿಚ್ಚಿ ಸುರಂಗವನ್ನು ಹೊಸದಾಗಿ ಕಟ್ಟುವುದೇ ಪೂರ್ಣ ಪರಿಹಾರ. ಹೊಸ ಕೊಳವೆಯ ಹೊರತುದಿಯ ಭಾಗಕ್ಕೆ ಸುತ್ತಲೂ ಮರಳಿನ ಶೋಧಕ ಪದರ ಕೊಟ್ಟರೆ ನೀರು ಹೊರಬರುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ.

ತೂಬಿನ ಗೇಟು ವರ್ಷಕ್ಕೆ ಒಮ್ಮೆಯಾದರೂ ಪೂರ್ತಿ ತೆರೆದು ಮುಚ್ಚಿ, ತಿರುಪಿಗೆ ಗ್ರೀಸು ಹಚ್ಚಬೇಕು. ಅಪಾಯದ ದಿನ ಕೆರೆಯ ಮಟ್ಟ ಇಳಿಸಲು ಇರುವ ಏಕೈಕ ಸಾಧನ ತುಕ್ಕು ಹಿಡಿದು ಕೂತಿದ್ದರೆ ಬೇರೆ ದಾರಿಯಿಲ್ಲ. ಬೇರೆ ಅವಸರವಿಲ್ಲದಿದ್ದಾಗ ಕೆರೆಯನ್ನು ದಿನಕ್ಕೆ ಒಂದು ಅಡಿಗಿಂತ ವೇಗವಾಗಿ ಇಳಿಸಬಾರದು. ಹೊರಗಿನ ನೀರು ಬೇಗ ಇಳಿದು ಮಣ್ಣಿನೊಳಗಿನದು ಉಳಿದರೆ ಒಳಮೈ ಕುಸಿಯುತ್ತದೆ.

ದುರಸ್ತಿಯ ಮಣ್ಣು, ಹೂಳಿನ ಮಣ್ಣು

ಏರಿಗೆ ಮಣ್ಣು ಹಾಕುವುದು ಎಂದರೆ ಟಿಪ್ಪರಿನಿಂದ ಸುರಿದು ಜೆಸಿಬಿಯಿಂದ ಸವರುವುದು ಎಂಬಂತಾಗಿದೆ. ಹಾಗೆ ಹಾಕಿದ ಮಣ್ಣು ಮೊದಲ ಮಳೆಗೇ ಹಳೆಯ ಮೈಯಿಂದ ಜಾರುತ್ತದೆ. ಮೊದಲು ಗಿಡಗಂಟಿ, ಹುಲ್ಲು, ಮೇಲ್ಮಣ್ಣನ್ನು ಕೆರೆದು ತೆಗೆಯಬೇಕು. ಹಳೆಯ ಇಳಿಜಾರಿನಲ್ಲಿ ಮೆಟ್ಟಿಲುಗಳನ್ನು ಕಡಿಯಬೇಕು. ಹೊಸ ಮಣ್ಣು ಹಳೆಯದನ್ನು ಕಚ್ಚಿಕೊಳ್ಳುವುದು ಅಲ್ಲೇ. 15ರಿಂದ 20 ಸೆಂಟಿಮೀಟರ್ ದಪ್ಪದ ಪದರಗಳಲ್ಲಿ ಹರಡಿ, ನೀರು ಚಿಮುಕಿಸಿ, ರೋಲರ್ ಹಾಯಿಸಬೇಕು. ತೇವ ಎಷ್ಟಿರಬೇಕೆಂದರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ನೀರು ಅಂಟಬಾರದು. ನೀರುಹಾಯಿಸದೆ ಒಣ ಮಣ್ಣಿನ ಮೇಲೆ ರೋಲರ್ ಓಡಿಸಿದ ಬಿಲ್ಲಿಗೆ ಊರವರು ಒಪ್ಪಬಾರದು.

ಅಂಗಳದ ಹೂಳನ್ನೇ ಏರಿಗೆ ಹಾಕುವುದು ಸುಲಭ, ಆದರೆ ಸರಿಯಲ್ಲ. ಕೊಳೆತ ಎಲೆಕಸ ಬೆರೆತ ಆ ಮಣ್ಣು ಕುಗ್ಗುತ್ತದೆ. ಎರೆಮಣ್ಣಾದರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹೂಳಿನ ಜಾಗ ಹೊಲ. ಹೂಳೆತ್ತುವಾಗ ಏರಿಯ ಒಳಬುಡಕ್ಕೆ ಹತ್ತಿರ ಹೋಗಲೇಬಾರದು. ಅಲ್ಲಿ ಕೂತ ನುಣ್ಣನೆಯ ಜೇಡಿ ಸೋರಿಕೆಯನ್ನು ತಡೆಯುವ ಚಾಪೆ. ಅದನ್ನು ಕಿತ್ತರೆ ನೀರಿಗೆ ಏರಿಯ ಅಡಿಯ ದಾರಿ ತೆರೆಯುತ್ತದೆ, ಒಳಮೈಗೆ ಬುಡದ ಆಸರೆಯೂ ತಪ್ಪುತ್ತದೆ. ಏರಿಯ ಎತ್ತರದ ಹಲವು ಪಟ್ಟು ದೂರ ಬಿಟ್ಟು ಅಗೆಯುವುದು ಕ್ಷೇಮ. ಹೂಳೆತ್ತಿದ ಮರುವರ್ಷವೇ ಹೊಸ ಊಟೆ ಕಾಣಿಸಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಬಿರುಕುಗಳಲ್ಲಿ ನೆತ್ತಿಯ ಉದ್ದಕ್ಕೆ ಓಡುವವು ಕುಸಿತದ ಮುನ್ಸೂಚನೆಯಾದರೆ, ಏರಿಗೆ ಅಡ್ಡವಾಗಿ ಕೆರೆಯಿಂದ ಹೊಲಕ್ಕೆ ಓಡುವವು ಇನ್ನೂ ಅಪಾಯ. ನೀರಿಗೆ ನೇರ ದಾರಿ ಅದು. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ನಡುವಿನ ಅಂತರವನ್ನು ವಾರಕ್ಕೊಮ್ಮೆ ಅಳೆದರೆ ಅದು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಯಾವಾಗ ನೋಡಬೇಕು

ಏಪ್ರಿಲ್–ಮೇನಲ್ಲಿ, ಗಿಡ ಸವರಿದ ಮೇಲೆ, ಇಡೀ ಏರಿಯ ತಪಾಸಣೆ ಆಗಬೇಕು. ದುರಸ್ತಿಗೆ ಆಗ ಮಾತ್ರ ಸಮಯ ಸಿಗುತ್ತದೆ. ಕೆರೆ ತುಂಬಿದ ಮೇಲೆ ವಾರಕ್ಕೊಮ್ಮೆ, ಕೋಡಿ ಹರಿಯುವಾಗ ದಿನವೂ ಹಿಂಬದಿ ನಡೆದು ನೋಡಬೇಕು. ಮಲೆನಾಡಿಗೆ ಜುಲೈ ಕಷ್ಟದ ತಿಂಗಳಾದರೆ, ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಕೆರೆ ತುಂಬಿಸುವುದು ಸೆಪ್ಟೆಂಬರ್–ಅಕ್ಟೋಬರಿನ ಮಳೆ. ಜೂನ್ ಕಳೆಯಿತೆಂದು ಅಲ್ಲಿ ನಿಗಾ ಸಡಿಲಿಸುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹತ್ತಾರು ವರ್ಷ ಬತ್ತಿದ್ದ ಕೆರೆ ಮತ್ತೆ ತುಂಬುವಾಗ. ಅಷ್ಟರಲ್ಲಿ ಏರಿ ಒಣಗಿ ಬಿರಿದಿರುತ್ತದೆ, ಬಿಲಗಳಾಗಿರುತ್ತವೆ, ಊಟೆ ಎಲ್ಲಿತ್ತೆಂದು ಬಲ್ಲ ಹಿರಿಯರೂ ಇರುವುದಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಹಾಗೆ ವರ್ಷಗಟ್ಟಲೆ ಒಣಗಿದ್ದ ಏರಿಗಳು ಈಗ ವರ್ಷವಿಡೀ ನೀರು ಹೊರುತ್ತಿವೆ. ಮೊದಲೇ ತುಂಬಿರುವ ಕೆರೆಗೆ ಮಳೆಯ ಪ್ರವಾಹ ತಡೆದುಕೊಳ್ಳಲು ಜಾಗವೂ ಇರುವುದಿಲ್ಲ. ಇಂಥ ಕಡೆ ಕೋಡಿಯ ಮೇಲಿನ ನಿಗಾ ಇಮ್ಮಡಿಯಾಗಬೇಕು.

ಏರಿ ಬಿಡುವಂತಾದಾಗ

ಕೆಂಪು ನೀರಿನ ಹರಿವು ಕಣ್ಣೆದುರೇ ಹೆಚ್ಚುತ್ತಿದೆ, ಒಳಮೈಯ ಹತ್ತಿರ ನೀರು ಸುಳಿ ಸುತ್ತುತ್ತಿದೆ, ಇಳಿಜಾರು ಜಾರುತ್ತಿದೆ ಎಂದಾದರೆ ಮೊದಲ ಕೆಲಸ ಕೆಳಗಿನ ಮನೆಗಳವರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸುವುದು. ಗುಡಿಯ ಮೈಕು, ಡಂಗುರ, ಫೋನು ಯಾವುದಾದರೂ ಸರಿ. ಅದರೊಂದಿಗೇ 112ಕ್ಕೂ ಜಿಲ್ಲಾ ವಿಪತ್ತು ಕೇಂದ್ರದ 1077ಕ್ಕೂ ಕರೆ ಹೋಗಬೇಕು. ಕೆಳಗೆ ಯಾವ ಮನೆಗಳಿಗೆ ನೀರು ಮುಟ್ಟುತ್ತದೆ, ನಡೆಯಲಾಗದವರು ಎಲ್ಲಿದ್ದಾರೆ ಎಂಬ ಪಟ್ಟಿ ಮಳೆಗಾಲಕ್ಕೆ ಮೊದಲೇ ಪಂಚಾಯತಿಯ ಗೋಡೆಯ ಮೇಲಿರಬೇಕು. ಏರಿ ಒಡೆಯುವುದು ಬಹಳ ಸಲ ರಾತ್ರಿಯ ಮಳೆಯಲ್ಲಿ.

ಆಮೇಲೆ ತೂಬು ಪೂರ್ತಿ ತೆರೆಯುವುದು, ಕೋಡಿಯ ಅಡೆತಡೆ ಕಿತ್ತುಹಾಕುವುದು. ಸೋರಿಕೆಯ ಹೊರಬಾಯಿಗೆ ಜೇಡಿ ಬಡಿದು ಮುಚ್ಚಲು ಹೋಗಬಾರದು. ಒಳಗೆ ಒತ್ತಡ ಏರಿ ಇನ್ನೊಂದು ಕಡೆ ಇನ್ನೂ ದೊಡ್ಡದಾಗಿ ಒಡೆಯುತ್ತದೆ. ಅಲ್ಲಿ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಕಿ ಭಾರ ಕೊಡಬೇಕು. ನೀರು ಬರಲಿ, ಮಣ್ಣು ಬರದಿರಲಿ ಎಂಬುದೇ ಉದ್ದೇಶ. ಬುಡದಲ್ಲಿ ಮರಳು ಕುದಿಯುತ್ತಿದ್ದರೆ ಸುತ್ತ ಮರಳು ಚೀಲದ ಬಳೆ ಕಟ್ಟಿ ನೀರು ಒಂದಿಷ್ಟು ನಿಲ್ಲುವಂತೆ ಮಾಡಿದರೆ ಒತ್ತಡ ಇಳಿಯುತ್ತದೆ. ಮುಚ್ಚಬೇಕಾದದ್ದು ಒಳಬಾಯಿಯನ್ನು. ಸುಳಿ ಕಂಡಲ್ಲಿ ಹುಲ್ಲಿನ ಹೊರೆ, ಚೀಲ, ತಾಡಪಾಲು ಇಳಿಸಬಹುದು. ಅದು ದಡದಿಂದ ಹಗ್ಗ, ಗಳುಗಳಲ್ಲಿ ಆಗಬೇಕು. ಸುಳಿಯ ಹತ್ತಿರ ಯಾರೂ ನೀರಿಗಿಳಿಯಬಾರದು.

ಕೊನೆಯ ಉಪಾಯ, ಏರಿಯಿಂದ ದೂರದಲ್ಲಿ ಗಟ್ಟಿ ನೆಲದ ಮೂಲಕ ಕಾಲುವೆ ತೋಡಿ ನೀರು ಹೊರಬಿಡುವುದು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಕಾರಂ ಅಣೆಕಟ್ಟು 2022ರ ಆಗಸ್ಟಿನಲ್ಲಿ ಸೋರತೊಡಗಿದಾಗ ಕೆಳಗಿನ ಹಳ್ಳಿಗಳನ್ನು ತೆರವು ಮಾಡಿ, ಹೀಗೆ ಕಾಲುವೆ ತೋಡಿಯೇ ನೀರನ್ನು ಖಾಲಿ ಮಾಡಿದರು. ಇದು ಎಂಜಿನಿಯರುಗಳ ತೀರ್ಮಾನದಲ್ಲಿ, ಜನ ಜಾಗ ಖಾಲಿ ಮಾಡಿದ ಮೇಲೆ ಮಾತ್ರ ಆಗಬೇಕಾದ ಕೆಲಸ. ಊರವರು ಆತುರದಲ್ಲಿ ಏರಿಯನ್ನೇ ಕಡಿದರೆ ತಪ್ಪಿಸಲು ಹೊರಟ ಪ್ರವಾಹವನ್ನು ತಾವೇ ತಂದಂತಾಗುತ್ತದೆ.

ಒಡೆದ ಏರಿಯನ್ನು ಮರಳಿ ಕಟ್ಟುವಾಗ ಒಡಕಿನ ಎರಡೂ ಬದಿಯ ನೆಟ್ಟನೆಯ ಗೋಡೆಯನ್ನು ಇಳಿಜಾರಾಗಿ ಕಡಿದು, ಸಡಿಲಾದುದನ್ನೆಲ್ಲ ಗಟ್ಟಿ ಮಣ್ಣು ಸಿಗುವವರೆಗೆ ತೆಗೆದು, ತಳದಲ್ಲಿ ಕಾಲುವೆಯಂತೆ ಅಗೆದು ಜೇಡಿ ತುಂಬಿ ಮೇಲೆ ಬರಬೇಕು. ಹೊಸ ತುಂಡು ಕೆಲವು ವರ್ಷ ಕೂರುತ್ತಲೇ ಇರುತ್ತದೆ, ಹಾಗಾಗಿ ಅದರ ನೆತ್ತಿಯನ್ನು ಉಳಿದ ಏರಿಗಿಂತ ತುಸು ಎತ್ತರ ಬಿಡುತ್ತಾರೆ. ಮೊದಲ ಮಳೆಗಾಲದಲ್ಲಿ ತೂಬು ತೆರೆದಿಟ್ಟು ಕೆರೆಯನ್ನು ಅರ್ಧಕ್ಕಷ್ಟೇ ನಿಲ್ಲಿಸಿ, ಹಳೆಯ ಮತ್ತು ಹೊಸ ಮಣ್ಣು ಸೇರುವ ಎರಡೂ ಸಂದುಗಳನ್ನು ಹಿಂಬದಿಯಿಂದ ದಿನವೂ ನೋಡಿ, ಜಿನುಗು ತಿಳಿಯಾಗಿಯೇ ಇದ್ದರೆ ಮರುವರ್ಷ ಪೂರ್ತಿ ತುಂಬಲು ಬಿಡಬಹುದು.